ಹಿಂಬರಹ ಬರೆಸಿಕೊಂಡು ಅದೇ ಠಾಣೆಗೆ ವಾಪಸ್

ಸರ್ಕಾರಿ ಕಚೇರಿಗೆ ಅಲೆದವರಿಗೆಲ್ಲ ‘ಹಿಂಬರಹ’ ಎಂಬ ಪದ ಗೊತ್ತಿರುತ್ತದೆ. ಕೊಟ್ಟ ಅರ್ಜಿಗೆ ಕಚೇರಿ ಬರೆದುಕೊಡುವ ಎರಡು ಸಾಲಿನ ಉತ್ತರ ಅದು. ಪೊಲೀಸರ ಮೇಲೆಯೇ ದೂರು ಕೊಟ್ಟವರ ಕೈಗೆ ಎಷ್ಟೋ ಸಲ ಕೊನೆಗೆ ಉಳಿಯುವುದೂ ಅದೇ ಕಾಗದ.

ಹಳ್ಳಿಯ ಒಬ್ಬ ರೈತನನ್ನು ಠಾಣೆಗೆ ಕರೆಸಿ ಹೊಡೆದರು ಅಂತಿಟ್ಟುಕೊಳ್ಳಿ. ಅವನು ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ ಎಸ್‌ಪಿ ಕಚೇರಿಗೆ ಹೋಗಿ ಅರ್ಜಿ ಕೊಡುತ್ತಾನೆ. ಟಪಾಲಿನಲ್ಲಿ ಅದಕ್ಕೊಂದು ನಂಬರ್ ಬೀಳುತ್ತದೆ. ಅಲ್ಲಿಂದ ಅದು ಡಿವೈಎಸ್‌ಪಿಗೆ ಹೋಗುತ್ತದೆ, ಅವರಿಂದ ಸರ್ಕಲ್ ಇನ್‌ಸ್ಪೆಕ್ಟರ್‌ಗೆ. ಕೆಲವು ದಿನ ಬಿಟ್ಟು ಫೋನ್ ಬರುತ್ತದೆ: ‘ಸ್ಟೇಷನ್‌ಗೆ ಬಂದು ಹೇಳಿಕೆ ಕೊಟ್ಟು ಹೋಗಪ್ಪಾ.’ ಯಾವ ಸ್ಟೇಷನ್? ಅದೇ ಸ್ಟೇಷನ್.

ಇದು ಇವತ್ತು ನಿನ್ನೆಯ ಕಥೆಯಲ್ಲ. ಕಾಗದದ ಮೇಲೆ ದಾಖಲಾಗಿಯೇ 170 ವರ್ಷ ದಾಟಿದೆ.

1854ರಲ್ಲಿ ಬ್ರಿಟನ್ನಿನ ಸಂಸತ್ತಿನಲ್ಲಿ ಮದ್ರಾಸ್ ಪ್ರಾಂತ್ಯದ ಚಿತ್ರಹಿಂಸೆಯ ವಿಷಯ ಎದ್ದಿತು. ಕಂದಾಯ ವಸೂಲಿಗೆ ರೈತರನ್ನು ಹಿಂಸಿಸುತ್ತಾರೆ ಎಂಬ ಆರೋಪ. ಒಂದು ಆಯೋಗ ನೇಮಕವಾಗಿ 1855ರಲ್ಲಿ ವರದಿ ಕೊಟ್ಟಿತು. ಆಗ ಬಳ್ಳಾರಿಯೂ ಕೆನರಾ ಜಿಲ್ಲೆಯೂ ಮದ್ರಾಸಿಗೇ ಸೇರಿದ್ದವು. ಅಂದರೆ ಕನ್ನಡದ ರೈತರೂ ಆ ಆಡಳಿತದಡಿ ಇದ್ದವರೇ. ಹಿಂಸೆ ನಡೆಯುವುದು ನಿಜ ಎಂದು ಆಯೋಗ ಒಪ್ಪಿಕೊಂಡಿತು. ಆದರೆ ಹಿಂಸೆಗಿಂತಲೂ ತಮ್ಮನ್ನು ಹೆಚ್ಚು ನೋಯಿಸಿದ್ದು ನೊಂದವರಿಗೆ ಪರಿಹಾರ ಸಿಗದ ಕಷ್ಟ ಎಂದು ಸದಸ್ಯರು ಬರೆದರು. ಕಾರಣಗಳನ್ನೂ ಕೊಟ್ಟರು. ಕಲೆಕ್ಟರ್ ಇರುವ ಊರಿಗೆ ಹೋಗಲು ಖರ್ಚು, ದಿನಗಟ್ಟಲೆ ಕೆಲಸ ಹಾಳು. ಹೋಗದೆ ಕಾಗದದಲ್ಲೇ ಅರ್ಜಿ ಕಳಿಸಿದರೆ ಅದರ ಮೇಲೆ ‘ತಹಶೀಲ್ದಾರರಿಗೆ ಕಳಿಸಿದೆ’ ಎಂದು ಬರೆದು ವಾಪಸ್ ಕೊಡುತ್ತಾರೆ ಎಂಬ ಭಯ. ಆಗ ತಹಶೀಲ್ದಾರನೇ ಕಂದಾಯದವನು, ಅವನೇ ಪೊಲೀಸು. ಆ ಬರಹಕ್ಕೆ ವರದಿಯಲ್ಲಿ ಬಳಸಿದ ಇಂಗ್ಲಿಷ್ ಪದವನ್ನು ಕನ್ನಡಕ್ಕೆ ತಂದರೆ ಸಿಗುವುದು ‘ಹಿಂಬರಹ’ವೇ!

ಇದಾದ ಮೇಲೆ 1859ರ ಮದ್ರಾಸ್ ಕಾಯ್ದೆ ಪೊಲೀಸ್ ಕೆಲಸವನ್ನು ಕಂದಾಯದಿಂದ ಬೇರೆ ಮಾಡಿತು. 1861ರಲ್ಲಿ ಬ್ರಿಟಿಷ್ ಭಾರತಕ್ಕೆ ಪೊಲೀಸ್ ಕಾಯ್ದೆ ಬಂತು. 1857ರ ದಂಗೆಯ ಬಿಸಿ ಆರದ ಕಾಲ ಅದು. ಸರ್ಕಾರಕ್ಕೆ ಬೇಕಿದ್ದದ್ದು ಮಾತು ಕೇಳುವ ಪೊಲೀಸು, ಜನರಿಗೆ ಲೆಕ್ಕ ಕೊಡುವ ಪೊಲೀಸಲ್ಲ. ತಪ್ಪು ಮಾಡಿದ ಪೊಲೀಸನನ್ನು ವಿಚಾರಿಸಬೇಕಾದವರು ಅವನ ಮೇಲಧಿಕಾರಿಗಳು ಎಂಬ ಪದ್ಧತಿ ಅಲ್ಲೇ ಗಟ್ಟಿಯಾಯಿತು. 1902ರ ಫ್ರೇಸರ್ ಆಯೋಗ ಪೊಲೀಸರನ್ನು ಭ್ರಷ್ಟರು, ಜನಪೀಡಕರು ಎಂದೆಲ್ಲ ಬೈದರೂ ಆ ಪದ್ಧತಿ ಅಲುಗಾಡಲಿಲ್ಲ.

ಹೊರಗಿನವರು ವಿಚಾರಿಸಬೇಕು ಎಂಬ ಮಾತು ಗಟ್ಟಿಯಾಗಿ ಕೇಳಿದ್ದು ತುರ್ತು ಪರಿಸ್ಥಿತಿ ಮುಗಿದ ಮೇಲೆ. 1977ರಲ್ಲಿ ರಾಷ್ಟ್ರೀಯ ಪೊಲೀಸ್ ಆಯೋಗ ರಚನೆಯಾಯಿತು. ಅಧ್ಯಕ್ಷರು ಧರ್ಮವೀರ. 1969ರಿಂದ 1972ರವರೆಗೆ ನಮ್ಮ ರಾಜ್ಯಪಾಲರಾಗಿದ್ದವರು ಇವರೇ. ಪೊಲೀಸರ ಮೇಲಿನ ದೂರುಗಳ ಬಗ್ಗೆ 1979ರ ಮೊದಲ ವರದಿಯಲ್ಲೇ ಆಯೋಗ ಮಾತಾಡಿತು. ಕಸ್ಟಡಿಯಲ್ಲಿ ಸಾವು, ಅತ್ಯಾಚಾರ, ತೀವ್ರ ಗಾಯ ಆದರೆ ನ್ಯಾಯಾಂಗ ವಿಚಾರಣೆ ಕಡ್ಡಾಯ ಆಗಬೇಕು, ಅದಕ್ಕೆ ಜಿಲ್ಲೆಗೊಬ್ಬ ಹೆಚ್ಚುವರಿ ಸೆಷನ್ಸ್ ನ್ಯಾಯಾಧೀಶರು ಇರಬೇಕು ಎಂದಿತು. ಜಿಲ್ಲೆಗೊಬ್ಬರು ಎಂಬುದನ್ನು ಗಮನಿಸಿ. ಕುಳಿತಲ್ಲಿಂದ ಜನರ ಹತ್ತಿರಕ್ಕೆ ಒಂದು ಹೆಜ್ಜೆಯಾದರೂ ಬರುವ ಯೋಚನೆ ಅದರಲ್ಲಿತ್ತು. 1981ರ ಹೊತ್ತಿಗೆ ಆಯೋಗ 8 ವರದಿ ಕೊಟ್ಟು ಮುಗಿಸಿತು. ಹೆಚ್ಚಿನವು ಕಪಾಟು ಸೇರಿದವು.

ಹಳ್ಳಿಗಾಡಿನಲ್ಲಿ ಸ್ವತಂತ್ರ ವಿಚಾರಣೆ ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಮಲೆ ಮಹದೇಶ್ವರ ಬೆಟ್ಟದ ಕಡೆ ನೋಡಬೇಕು.

ವೀರಪ್ಪನ್‌ನನ್ನು ಹಿಡಿಯಲು ಕರ್ನಾಟಕ, ತಮಿಳುನಾಡು ಎರಡೂ ವಿಶೇಷ ಕಾರ್ಯಪಡೆ ಮಾಡಿದ್ದವು. 1990ರ ದಶಕದಲ್ಲಿ ಆ ಕಾಡಂಚಿನ ಹಳ್ಳಿಗಳಿಂದ ಬಂದ ಆರೋಪಗಳು ಭಯಂಕರವಾಗಿದ್ದವು: ಅಕ್ರಮ ಬಂಧನ, ಚಿತ್ರಹಿಂಸೆ, ಅತ್ಯಾಚಾರ, ಕೊಲೆ. ಆರೋಪ ಮಾಡಿದವರು ಯಾರು? ಸೋಲಿಗರು, ಸಣ್ಣ ರೈತರು, ಕೂಲಿಯವರು. ಅವರ ಪಾಲಿಗೆ ಕಾರ್ಯಪಡೆಯ ಮೇಲೆ ದೂರು ಕೊಡಲು ಇದ್ದ ಜಾಗ ಯಾವುದು ಹೇಳಿ? ಪೊಲೀಸ್ ಠಾಣೆ!

ಕೊನೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ಒಂದು ಸಮಿತಿ ಮಾಡಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ. ಜೆ. ಸದಾಶಿವ ಅದರ ಮುಖ್ಯಸ್ಥರು. ಜೊತೆಗಿದ್ದವರು ಸಿಬಿಐ ಮಾಜಿ ನಿರ್ದೇಶಕ ಸಿ. ವಿ. ನರಸಿಂಹನ್. ಧರ್ಮವೀರ ಆಯೋಗದ ಸದಸ್ಯ ಕಾರ್ಯದರ್ಶಿಯೂ ಇವರೇ ಆಗಿದ್ದರು. ಈ ಸಮಿತಿ ಬೆಂಗಳೂರಿನಲ್ಲಿ ಕೂತು ಜನರನ್ನು ಕರೆಸಿಕೊಳ್ಳಲಿಲ್ಲ. ಮಹದೇಶ್ವರ ಬೆಟ್ಟಕ್ಕೇ ಹೋಗಿ ಕೂತಿತು. ಗಡಿಯಾಚೆಯ ತಮಿಳು ಊರುಗಳಲ್ಲೂ ಕೂತಿತು. ವರ್ಷಗಟ್ಟಲೆ ಬಾಯಿ ಬಿಡದ ಜನ ಎದುರು ಬಂದು ಹೇಳಿಕೆ ಕೊಟ್ಟರು. ನನ್ನ ಮಟ್ಟಿಗೆ ಈ ಇಡೀ ಇತಿಹಾಸದಲ್ಲಿ ಎದ್ದು ಕಾಣುವ ಸಂಗತಿ ಇದೇ. ಸಮಿತಿ ಸ್ವತಂತ್ರವಾಗಿತ್ತು ನಿಜ, ಆದರೆ ಜನ ಮಾತಾಡಲು ಅಷ್ಟೇ ಸಾಕಿರಲಿಲ್ಲ. ಅದು ಅವರ ಊರಿಗೆ ಬಂದಿತ್ತು.

ಹಾಗಂತ ಕಥೆ ಸುಖಾಂತ್ಯವೇನಲ್ಲ. 2003ರಲ್ಲಿ ವರದಿ. 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಮಧ್ಯಂತರ ಪರಿಹಾರ ಕೊಡಿ ಎಂದು ಆಯೋಗ ಶಿಫಾರಸು ಮಾಡಿತು. ಗಾಯ ಆದದ್ದು ಯಾವಾಗ, ಮದ್ದು ಬಂದದ್ದು ಯಾವಾಗ! ಮಾನವ ಹಕ್ಕುಗಳ ಆಯೋಗಕ್ಕೆ ಶಿಫಾರಸು ಮಾಡುವುದನ್ನು ಬಿಟ್ಟು ಶಿಕ್ಷೆ ಕೊಡುವ ಅಧಿಕಾರವೂ ಇಲ್ಲ.

ಅಷ್ಟರಲ್ಲಿ ದೆಹಲಿಯಲ್ಲಿ ಇನ್ನೊಂದು ಕೇಸು ನಡೆಯುತ್ತಿತ್ತು. ಉತ್ತರ ಪ್ರದೇಶದ ಡಿಜಿಪಿಯಾಗಿದ್ದ ಪ್ರಕಾಶ್ ಸಿಂಗ್ ನಿವೃತ್ತರಾದ ಮೇಲೆ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2006ರ ಸೆಪ್ಟೆಂಬರ್ 22ರಂದು ತೀರ್ಪು ಬಂತು. ಪ್ರತಿ ರಾಜ್ಯದಲ್ಲಿ, ಪ್ರತಿ ಜಿಲ್ಲೆಯಲ್ಲಿ ಪೊಲೀಸ್ ದೂರು ಪ್ರಾಧಿಕಾರ ಇರಬೇಕು ಎಂಬುದು ಅದರ ಒಂದು ನಿರ್ದೇಶನ. ಡಿವೈಎಸ್‌ಪಿ ದರ್ಜೆಯವರೆಗಿನ ದೂರು ಜಿಲ್ಲೆಗೆ, ಎಸ್‌ಪಿ ಮತ್ತು ಮೇಲಿನವರದ್ದು ರಾಜ್ಯಕ್ಕೆ. ಜಿಲ್ಲೆಯಲ್ಲಿ ಅಧ್ಯಕ್ಷರು ನಿವೃತ್ತ ಜಿಲ್ಲಾ ನ್ಯಾಯಾಧೀಶರು. ಹಣ ವಸೂಲಿ, ಜಮೀನು ಕಬಳಿಕೆಯಂಥ ದೂರುಗಳನ್ನೂ ಜಿಲ್ಲಾ ಪ್ರಾಧಿಕಾರ ಕೇಳಬಹುದು. ಸ್ಥಳಕ್ಕೆ ಹೋಗಿ ವಿಚಾರಿಸಲು ನಿವೃತ್ತ ತನಿಖಾಧಿಕಾರಿಗಳನ್ನು ಇಟ್ಟುಕೊಳ್ಳಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರಾಧಿಕಾರ ಹೇಳಿದ್ದನ್ನು ಸರ್ಕಾರ ಪಾಲಿಸಲೇಬೇಕು.

ಓದಲು ಚೆನ್ನಾಗಿದೆ ಅಲ್ವಾ? ಕರ್ನಾಟಕ 2012ರಲ್ಲಿ ತನ್ನ 1963ರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಎರಡೂ ಮಟ್ಟದ ಪ್ರಾಧಿಕಾರಗಳನ್ನು ಕಾಯ್ದೆಗೆ ಸೇರಿಸಿತು. ಆದರೆ ಕೋರ್ಟು ನಿವೃತ್ತ ನ್ಯಾಯಾಧೀಶರನ್ನು ಕೇಳಿದ್ದ ಜಿಲ್ಲಾ ಮಟ್ಟದಲ್ಲಿ ಸೇವೆಯಲ್ಲಿರುವ ಅಧಿಕಾರಿಗಳಿಗೆ ಜಾಗ ಸಿಕ್ಕಿತು. ನಮ್ಮಲ್ಲಿ ಮಾತ್ರ ಅಲ್ಲ, ಹಲವು ರಾಜ್ಯಗಳಲ್ಲಿ ಹೀಗೇ ಆಗಿದೆ. ದಿನಾ ಎಸ್‌ಪಿ ಜೊತೆ ಸಭೆಯಲ್ಲಿ ಕೂರುವ ಅಧಿಕಾರಿ, ಸಂಜೆ ಎಸ್‌ಪಿಯ ಕೈಕೆಳಗಿನವರ ಮೇಲಿನ ದೂರು ಕೇಳಬೇಕು. ಅವರು ಒಳ್ಳೆಯವರೇ ಇರಬಹುದು. ಆದರೂ ಅರ್ಜಿ ಹಿಡಿದು ಬಂದವನಿಗೆ ನಂಬಿಕೆ ಹೇಗೆ ಬರಬೇಕು?

ನಗರದವರಿಗೆ ಒಂದು ವಿಷಯ ಸುಲಭಕ್ಕೆ ಹೊಳೆಯುವುದಿಲ್ಲ. ಬೆಂಗಳೂರಿನಲ್ಲಿ ಪೊಲೀಸರ ಮೇಲೆ ದೂರು ಕೊಟ್ಟವರು ಮಾರನೇ ದಿನ ಊರ ಗದ್ದಲದಲ್ಲಿ ಕರಗಿಹೋಗುತ್ತಾರೆ. ಹಳ್ಳಿಯಲ್ಲಿ ಹಾಗಲ್ಲ. ಹತ್ತಾರು ಊರಿಗೆ ಒಂದೇ ಠಾಣೆ. ಜಾತ್ರೆಗೆ ಬಂದೋಬಸ್ತು, ಮೈಕಿಗೆ ಪರ್ಮಿಷನ್, ಮಗನ ಪಾಸ್‌ಪೋರ್ಟಿಗೆ ವೆರಿಫಿಕೇಶನ್, ಬೆಳೆ ಕಾಯುವ ಕೋವಿಯ ಲೈಸೆನ್ಸು, ಎಲ್ಲಕ್ಕೂ ಅಲ್ಲಿಗೇ ಹೋಗಬೇಕು. ಪಿಎಸ್‌ಐ ವರ್ಗವಾಗಿ ಹೋಗುತ್ತಾರೆ, ದೂರು ಕೊಟ್ಟವನು ಅಲ್ಲೇ ಇರುತ್ತಾನೆ. ಹಾಗಾಗಿ ಊರ ಹಿರಿಯರು ‘ಸುಮ್ನೆ ಯಾಕಪ್ಪಾ, ರಾಜಿ ಮಾಡ್ಕೋ’ ಅನ್ನುವುದರಲ್ಲಿ ಹೇಡಿತನಕ್ಕಿಂತ ಲೆಕ್ಕಾಚಾರವೇ ಜಾಸ್ತಿ.

ಈ ಲೆಕ್ಕಾಚಾರ ಬದಲಾಗಬೇಕಾದರೆ ದೂರು ಕೇಳುವವರು ತಾಲ್ಲೂಕಿಗೆ ಬರಬೇಕು. ಇದೇನು ಆಗದ ಮಾತಲ್ಲ. ಲೋಕಾಯುಕ್ತದ ಅಧಿಕಾರಿಗಳು ತಾಲ್ಲೂಕು ಕೇಂದ್ರಗಳಲ್ಲಿ ಅಹವಾಲು ಸ್ವೀಕಾರ ಸಭೆ ಮಾಡುವುದನ್ನು ನಾವೆಲ್ಲ ಪೇಪರಿನಲ್ಲಿ ನೋಡುತ್ತಲೇ ಇರುತ್ತೇವೆ. ಕೇರಳದ ದೂರು ಪ್ರಾಧಿಕಾರ ಜಿಲ್ಲಾ ಕೇಂದ್ರಗಳಲ್ಲಿ ಸಿಟ್ಟಿಂಗ್ ಮಾಡಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗಳು ಕೋರ್ಟ್ ಆವರಣದಲ್ಲೇ ಇವೆ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಕಸ್ಟಡಿಯಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರ ನೆರವು ಉಚಿತ. ಬರೆಯಲು ಬಾರದವರ ದೂರನ್ನು ಅಲ್ಲೇ ಬರೆದುಕೊಂಡು, ರಸೀದಿ ಕೊಟ್ಟು ಪ್ರಾಧಿಕಾರಕ್ಕೆ ಕಳಿಸುವ ಏರ್ಪಾಡು ಮಾಡಲು ಹೊಸ ಕಟ್ಟಡವೇನೂ ಬೇಕಿಲ್ಲ. ಒಂದೇ ಷರತ್ತು: ಆ ದೂರಿನ ವಿಚಾರಣೆ ಯಾವ ಕಾರಣಕ್ಕೂ ಅದೇ ಉಪವಿಭಾಗದ ಪೊಲೀಸರ ಕೈಗೆ ಹೋಗಬಾರದು.

ಬೇಗ ಆಗುವುದೂ ಮುಖ್ಯ. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಪ್ರತಿ ಠಾಣೆಗೂ ಸಿಸಿಟಿವಿ ಹಾಕಿ, ದೃಶ್ಯವನ್ನು 18 ತಿಂಗಳು ಇಡಿ ಎಂದಿತು. ಅಷ್ಟು ಸಾಮರ್ಥ್ಯದ ಉಪಕರಣ ಸಿಗದಿದ್ದರೂ ಒಂದು ವರ್ಷಕ್ಕೆ ಕಡಿಮೆ ಇರಬಾರದು. 2025ರ ಸೆಪ್ಟೆಂಬರ್‌ನಲ್ಲಿ ಕೆಲಸ ಮಾಡದ ಕ್ಯಾಮೆರಾಗಳ ಬಗ್ಗೆ ಕೋರ್ಟು ತಾನಾಗಿಯೇ ಕೇಸು ಎತ್ತಿಕೊಳ್ಳಬೇಕಾಯಿತು. ಕ್ಯಾಮೆರಾ ಸರಿಯಿದ್ದರೂ, ಅರ್ಜಿ ಟೇಬಲ್ಲಿನಿಂದ ಟೇಬಲ್ಲಿಗೆ ಓಡಾಡುವಷ್ಟರಲ್ಲಿ ದೃಶ್ಯ ಅಳಿಸಿಹೋದರೆ ಏನು ಬಂತು? ಮಾನವ ಹಕ್ಕುಗಳ ಆಯೋಗಕ್ಕೂ ಘಟನೆ ನಡೆದು ಒಂದು ವರ್ಷದೊಳಗೆ ಹೋಗಬೇಕು. ಹಾಗಾಗಿ ಎಸ್‌ಪಿ ಕಚೇರಿಗೆ ಅರ್ಜಿ ಕೊಡುವವರು ಮೂರು ಪ್ರತಿ ಮಾಡಿಸುವುದು ಒಳ್ಳೆಯದು. ಒಂದು ಎಸ್‌ಪಿಗೆ, ಇನ್ನೊಂದು ಅಂಚೆಯಲ್ಲಿ ಪ್ರಾಧಿಕಾರಕ್ಕೋ ಆಯೋಗಕ್ಕೋ, ಮೂರನೆಯದು ಮನೆಗೆ. ಇಂಥ ದಿನದ ಸಿಸಿಟಿವಿ ದೃಶ್ಯ ಕಾಪಾಡಿ ಇಡಬೇಕು ಎಂದು ಅರ್ಜಿಯಲ್ಲೇ ಬರೆಯಿರಿ. ಅಂಚೆ ರಸೀದಿಯನ್ನು ಪಹಣಿ ಇಟ್ಟ ಫೈಲಿನಲ್ಲೇ ಇಡಿ.