ವಾಲಿಯೂ ಸರಿ, ರಾಮನೂ ಸರಿ: ಹಾಗಾದರೆ ತಪ್ಪು ಯಾರದ್ದು?

ಪ್ರಶ್ನೆ: ತಾಳಮದ್ದಳೆಯಲ್ಲಿ (ವೇಷ, ಕುಣಿತವಿಲ್ಲದೆ ಕೂತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನ) ವಾಲಿ ಮಾತಾಡುವಾಗ ವಾಲಿಯದ್ದೇ ಸರಿ ಅನ್ನಿಸುತ್ತದೆ, ರಾಮ ಶುರುಮಾಡಿದರೆ ರಾಮನದ್ದೇ ಸರಿ. ಹಾಗಾದರೆ ಸರಿ-ತಪ್ಪು ಎಲ್ಲ ಅವರವರ ದೃಷ್ಟಿ ಅಷ್ಟೇ ಅಲ್ಲವೇ?

ಉತ್ತರ: ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆಯ ಕೂಟಗಳಲ್ಲಿ ಕೂತವರಿಗೆಲ್ಲ ಒಮ್ಮೆಯಾದರೂ ಬಂದಿರುವ ಸಂಶಯ ಇದು. ಕಳೆದ ಮಳೆಗಾಲದಲ್ಲಿ ಒಂದು ಮನೆಯ ಚಾವಡಿಯಲ್ಲಿ ವಾಲಿಯ ಅರ್ಥಧಾರಿ, ಅಂದರೆ ಆ ಪಾತ್ರವಾಗಿ ಮಾತಾಡುವವರು, ಶಾಲು ಸರಿಮಾಡಿಕೊಂಡು, ಧ್ವನಿ ತಗ್ಗಿಸಿ, "ಎದುರಿಗೇ ಬರಬಹುದಿತ್ತಲ್ಲ ರಾಮಾ?" ಎಂದಾಗ ನನ್ನ ಪಕ್ಕದ ಅಜ್ಜ ಎಲೆಯಡಿಕೆ ಜಗಿಯುವುದನ್ನೇ ನಿಲ್ಲಿಸಿದ್ದರು.

ನಿಮ್ಮ ಪ್ರಶ್ನೆಯಲ್ಲಿ ಎರಡು ಮಾತು ಅಂಟಿಕೊಂಡಿವೆ. ಒಂದು, ಜನರ ಅಭಿಪ್ರಾಯ ಬೇರೆ ಬೇರೆ. ಇದು ನಿಜ. ನಮ್ಮ ಜಿಲ್ಲೆಯಲ್ಲೇ ಹಿಂದೆ ಒಂದು ಮನೆಯಲ್ಲಿ ಆಸ್ತಿ ಸೋದರಳಿಯನಿಗೆ ಹೋಗುವ ಅಳಿಯಕಟ್ಟು, ಬೇಲಿಯಾಚೆ ಮಕ್ಕಳಿಗೆ ಹೋಗುವ ಮಕ್ಕಳಕಟ್ಟು. ಎರಡು, ಆದ್ದರಿಂದ ಯಾವುದೂ ನಿಜವಾಗಿ ಸರಿಯೂ ಅಲ್ಲ, ತಪ್ಪೂ ಅಲ್ಲ. ಇದು ಸಾಪೇಕ್ಷವಾದ. ಒಂದರಿಂದ ಇನ್ನೊಂದಕ್ಕೆ ಸೀದಾ ಹಾರಲಾಗದು. ಅಡಿಕೆಗೆ ಮಹಾಳಿ ಎಂಬ ಕೊಳೆರೋಗ ಯಾಕೆ ಬಂತೆಂದು ಇಬ್ಬರು ಜಗಳಾಡಿದ ಮಾತ್ರಕ್ಕೆ ರೋಗಕ್ಕೆ ಕಾರಣವೇ ಇಲ್ಲ ಅಂತಾಗುತ್ತದೆಯೇ? ನೀತಿ ಎಂಬುದು ರೋಗಾಣುವಿನ ಹಾಗೆ ಸೂಕ್ಷ್ಮದರ್ಶಕದಲ್ಲಿ ಕಾಣುವುದಿಲ್ಲ ಎಂದು ನೀವು ಹೇಳಬಹುದು. ಆಕ್ಷೇಪ ಗಟ್ಟಿಯೇ. ಆದರೆ ಅದಕ್ಕೆ ಬೇರೆ ವಾದ ಕಟ್ಟಬೇಕು, ಭಿನ್ನಾಭಿಪ್ರಾಯ ಒಂದೇ ಸಾಲದು.

ಇಬ್ಬರೂ ಸರಿ ಅನ್ನಿಸುವುದಕ್ಕೆ ಕಾರಣ, ಅವರ ಅಳತೆಗೋಲು ಬೇರೆ. ಎಷ್ಟೇ ಲಾಭವಿದ್ದರೂ ಕೆಲವು ಕೆಲಸ ಮಾಡಬಾರದು ಎಂಬುದು ವಾಲಿಯ ಪಟ್ಟು. ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1785ರಲ್ಲಿ ಇಟ್ಟ ಪರೀಕ್ಷೆಗೆ ಇದು ಹತ್ತಿರ: ನೀನು ನಡೆಯುವ ಸೂತ್ರ ಎಲ್ಲರಿಗೂ ನಿಯಮವಾಗಲಿ ಎಂದು ಬಯಸಬಲ್ಲೆಯಾ? ಎಲ್ಲರೂ ಮರದ ಮರೆಯಿಂದಲೇ ಬಾಣ ಬಿಟ್ಟರೆ ಯುದ್ಧಧರ್ಮ ಎಂಬುದೇ ಉಳಿಯದು. ಸುಗ್ರೀವನಿಗೆ ರಾಜ್ಯ ಸಿಕ್ಕಿತು, ಸೀತೆಯ ಹುಡುಕಾಟಕ್ಕೆ ಸೈನ್ಯ ಬಂತು ಎಂದು ಲೆಕ್ಕ ಕೊಡುವ ರಾಮ ಫಲವಾದಿ, ಕೆಲಸದ ಫಲ ನೋಡಿ ಸರಿ-ತಪ್ಪು ಅಳೆಯುವವ. ಆ ದಾರಿಯವರು ಇಂಗ್ಲೆಂಡಿನ ಚಿಂತಕರಾದ ಬೆಂಥಮ್, ಆಮೇಲೆ ಮಿಲ್. ಹಳೆಯ ಗ್ರೀಸಿನ ಅರಿಸ್ಟಾಟಲ್ ಇದ್ದಿದ್ದರೆ ಬಾಣವನ್ನು ಬಿಟ್ಟು, ಬಿಟ್ಟವನ ಗುಣ ಎಂಥದ್ದೆಂದು ಮೊದಲು ಕೇಳುತ್ತಿದ್ದನೋ ಏನೋ.

ವಾಲ್ಮೀಕಿಯ ರಾಮನಾದರೋ ಮುಖ್ಯವಾಗಿ ಫಲದ ಲೆಕ್ಕ ಮುಂದಿಡುವುದಿಲ್ಲ. ತಮ್ಮನ ಹೆಂಡತಿ ರುಮೆಯನ್ನು ಇಟ್ಟುಕೊಂಡೆ, ಅದಕ್ಕೆ ದಂಡನೆ ಎನ್ನುತ್ತಾನೆ. ನೀನು ಶಾಖಾಮೃಗ, ಮೃಗವನ್ನು ಮರೆಯಿಂದ ಬೇಟೆಯಾಡಿದರೆ ದೋಷವಿಲ್ಲ ಎಂದೂ ಎನ್ನುತ್ತಾನೆ. ಹುಷಾರಿನ ವಾಲಿ ಹಿಡಿಯುವುದು ಇಲ್ಲೇ. ಆ ರಾತ್ರಿಯೂ ಹಿಡಿದರು: "ನಾನು ಮೃಗವಾದರೆ ನನಗೆಲ್ಲಿಯ ಪರಸ್ತ್ರೀ ದೋಷ? ದೋಷ ಉಂಟೆಂದರೆ ನಾನು ಮೃಗ ಹೇಗೆ?" ಚಾವಡಿಯಲ್ಲಿ ಗುಸುಗುಸು ಎದ್ದಿತು. ಎಲ್ಲವೂ ಅವರವರ ದೃಷ್ಟಿಯೇ ಆಗಿದ್ದರೆ ಈ ಮಾತು ರಾಮನಿಗೆ ಯಾಕೆ ಚುಚ್ಚಬೇಕು? "ಅದು ನಿನ್ನ ದೃಷ್ಟಿ" ಎಂದು ಅವನು ಕೈತೊಳೆದುಕೊಂಡರೆ ಸಭೆ ಒಪ್ಪುತ್ತದೆಯೇ?

ಮುಗಿಸಿ ಚಪ್ಪಲಿ ಹುಡುಕುವಾಗ ಅಜ್ಜ ಹೇಳಿದರು: "ಇವತ್ತಿನ ರಾಮ ತಡವರಿಸಿದ ಮಾರಾಯ್ರೆ. ಹೋದ ಸಲದವರು ಚಂದ ಹೇಳಿದ್ದರು. ಸಿಂಹಾಸನದಲ್ಲಿ ಕೂತು ತಮ್ಮನಿಗೆ ಶಿಕ್ಷೆ ಕೊಡುವಾಗ ರಾಜ, ಬಾಣ ತಾಗಿದ ಮೇಲೆ ಮಂಗ, ಹಾಗೆ ಆಗ್ತದಾ ಅಂತ."

ಅದಕ್ಕೆ ವಾಲಿ ಏನು ಹೇಳಬಹುದಿತ್ತು ಎಂದು ರಿಕ್ಷಾ ಬರುವವರೆಗೂ ಚರ್ಚೆ ನಡೆಯಿತು.