ಬಾಜಿ ಕಟ್ಟಿ ಗೊತ್ತಿಲ್ಲದವರು ಹಾಂಗ್ ಕಾಂಗ್‌ನಲ್ಲಿ ಕುದುರೆ ರೇಸ್ ನೋಡಲು ಹೋಗಬಹುದೇ?

ಪ್ರಶ್ನೆ: ಹಾಂಗ್ ಕಾಂಗ್ ಪ್ರವಾಸಕ್ಕೆ ಹೊರಟಿದ್ದೇವೆ. ಅಲ್ಲಿ ಕುದುರೆ ರೇಸ್ ನೋಡಲೇಬೇಕೆಂದು ಹಲವರು ಹೇಳುತ್ತಾರೆ. ನಮಗೆ ಬಾಜಿ ಕಟ್ಟಿ ಗೊತ್ತಿಲ್ಲ, ಆ ಹಂಬಲವೂ ಅಷ್ಟಾಗಿ ಇಲ್ಲ. ಇರುವ ಕೆಲವೇ ದಿನಗಳಲ್ಲಿ ಒಂದು ಸಂಜೆಯನ್ನು ಅದಕ್ಕೆ ಮೀಸಲಿಡುವುದು ಸಾರ್ಥಕವೇ?

ಉತ್ತರ: ಖಂಡಿತ ಸಾರ್ಥಕ. ಆದರೆ ಓಟವನ್ನಷ್ಟೇ ನೋಡಲು ಹೋದವರಿಗೆ ನಿರಾಸೆಯಾಗಬಹುದು. ಹ್ಯಾಪಿ ವ್ಯಾಲಿಯಲ್ಲಿ ಒಂದು ಸಂಜೆಗೆ ಸಾಮಾನ್ಯವಾಗಿ ಎಂಟೋ ಒಂಬತ್ತೋ ರೇಸ್‌ಗಳಿರುತ್ತವೆ. 1200 ಮೀಟರ್ ಓಟ ಒಂದು ನಿಮಿಷ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ. 1650 ಮೀಟರಿನದಕ್ಕೆ ಸುಮಾರು ಒಂದು ನಿಮಿಷ ನಲವತ್ತು ಸೆಕೆಂಡು ಸಾಕು. ಎಲ್ಲವನ್ನೂ ಕೂಡಿಸಿದರೆ ಕುದುರೆಗಳು ಓಡುವುದು ಕಾಲು ಗಂಟೆಯ ಮಟ್ಟಿಗೆ ಮಾತ್ರ. ಮಿಕ್ಕ ಮೂರು ಗಂಟೆಗೂ ಹೆಚ್ಚಿನ ಹೊತ್ತು ಎರಡು ರೇಸ್‌ಗಳ ನಡುವಿನ ಅರ್ಧರ್ಧ ಗಂಟೆಗಳಲ್ಲಿ ಹಂಚಿಹೋಗಿರುತ್ತದೆ. ಆ ಅರ್ಧ ಗಂಟೆಯನ್ನು ಹೇಗೆ ಬಳಸಬೇಕೆಂದು ತಿಳಿದವರಿಗೆ ಬಾಜಿ ಕಟ್ಟದೆಯೂ ಸಂಜೆ ತುಂಬಿಬರುತ್ತದೆ.

ಮೊದಲು ದಿನದ ವಿಚಾರ. ಹಾಂಗ್ ಕಾಂಗ್‌ನಲ್ಲಿ ಎರಡು ರೇಸ್‌ಕೋರ್ಸ್‌ಗಳಿವೆ. ನಗರದ ನಡುವಿನ ಹ್ಯಾಪಿ ವ್ಯಾಲಿಯಲ್ಲಿ ಹೆಚ್ಚಾಗಿ ಬುಧವಾರ ಸಂಜೆ ದೀಪದ ಬೆಳಕಿನಲ್ಲಿ ರೇಸ್ ನಡೆಯುತ್ತದೆ. 1978ರಲ್ಲಿ ಆರಂಭವಾದ ಶಾ ಟಿನ್‌ನಲ್ಲಿ ಹೆಚ್ಚಾಗಿ ವಾರಾಂತ್ಯದ ಹಗಲಿನಲ್ಲಿ. ರೇಸ್‌ಗಳ ಋತು ಸೆಪ್ಟೆಂಬರ್‌ನಿಂದ ಜುಲೈ ಮಧ್ಯದವರೆಗೆ ಇರುವುದರಿಂದ ಆಗಸ್ಟ್‌ನಲ್ಲಿ ಹೋಗುವವರಿಗೆ ಈ ಅವಕಾಶವೇ ಇಲ್ಲ. ಒಳ್ಳೆಯ ಕುದುರೆಗಳನ್ನೇ ನೋಡಬೇಕೆನ್ನುವವರು ಡಿಸೆಂಬರ್‌ನಲ್ಲಿ ಶಾ ಟಿನ್‌ನಲ್ಲಿ ನಡೆಯುವ ಅಂತರರಾಷ್ಟ್ರೀಯ ರೇಸ್‌ಗಳ ದಿನವನ್ನು ಆರಿಸಿಕೊಳ್ಳಲಿ. ಮೊದಲ ಬಾರಿ ಹೋಗುವವರಿಗೆ ನನ್ನ ಆಯ್ಕೆ ಹ್ಯಾಪಿ ವ್ಯಾಲಿಯೇ. 1846ರಲ್ಲಿ ಜೌಗು ನೆಲವನ್ನು ಒಣಗಿಸಿ ಮೊದಲ ರೇಸ್ ನಡೆಸಿದ ಆ ಕಣಿವೆಯನ್ನು ಈಗ ಬಹುಮಹಡಿ ಕಟ್ಟಡಗಳು ಸುತ್ತುವರಿದಿವೆ. ಕುದುರೆಗಳು ಅವುಗಳ ಬುಡದಲ್ಲೇ ಓಡುತ್ತವೆ. 1918ರ ಫೆಬ್ರವರಿಯಲ್ಲಿ ಇಲ್ಲಿ ತಾತ್ಕಾಲಿಕ ಅಟ್ಟಣಿಗೆಗಳು ಕುಸಿದು ಬೆಂಕಿ ಹತ್ತಿ ಐನೂರಕ್ಕೂ ಹೆಚ್ಚು ಜನ ಸತ್ತರು. ಆ ಸಂಭ್ರಮದ ನಡುವೆ ಇದನ್ನೂ ನೆನೆಯುವುದು ಸರಿಯೆಂದು ನನಗನ್ನಿಸುತ್ತದೆ.

ಸಾರ್ವಜನಿಕ ಆವರಣದ ಪ್ರವೇಶದರ ಬಹುಕಾಲದಿಂದ 10 ಹಾಂಗ್ ಕಾಂಗ್ ಡಾಲರ್. ಟ್ರ್ಯಾಮ್ ಹತ್ತಿದರೆ ರೇಸ್‌ಕೋರ್ಸಿನ ಪಕ್ಕದಲ್ಲೇ ಇಳಿಯಬಹುದು. 18 ತುಂಬದ ಮಕ್ಕಳು ಜೊತೆಗಿದ್ದರೆ ಬೇರೆ ಯೋಜನೆ ಮಾಡಿಕೊಳ್ಳಬೇಕಾಗುತ್ತದೆ.

ಒಳಗೆ ಹೋದೊಡನೆ ಜನ ಗುಂಪುಗೂಡುವುದು ಟ್ರ್ಯಾಕಿನ ಕಂಬಿಯ ಬಳಿ. ತಾವು ಪ್ಯಾಡಕ್ಕಿಗೆ ಹೋಗಿ. ಓಟಕ್ಕೆ ಮೊದಲು ಕುದುರೆಗಳನ್ನು ಸುತ್ತು ಹಾಕಿಸುವ ಈ ಜಾಗದಲ್ಲಿ ಅವು ಕೆಲವೇ ಮಾರು ದೂರದಲ್ಲಿ ಹಾದುಹೋಗುತ್ತವೆ. ಒಂದೇ ಕುದುರೆಯನ್ನು ಆರಿಸಿಕೊಂಡು ಎರಡು ಮೂರು ಸುತ್ತು ಗಮನಿಸಿ. ಹಿಂಗಾಲಿನ ಗೊರಸು ಮುಂಗಾಲು ಊರಿದ ಜಾಗವನ್ನು ದಾಟಿ ಬೀಳುತ್ತಿದ್ದರೆ ನಡಿಗೆ ಸಡಿಲವಾಗಿದೆ ಎಂದು ಬಲ್ಲವರು ಹೇಳುತ್ತಾರೆ. ತಂಪಾದ ಸಂಜೆಯಲ್ಲೂ ಕತ್ತಿನ ಮೇಲೆ, ಹಿಂದೊಡೆಗಳ ನಡುವೆ ಬೆವರು ನೊರೆಗಟ್ಟಿದ್ದರೆ ಆ ಪ್ರಾಣಿ ಓಡುವ ಮೊದಲೇ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತಿದೆ. ಹಾಂಗ್ ಕಾಂಗ್‌ನಲ್ಲಿ ರೇಸ್ ಕುದುರೆಗಳ ತಳಿ ಬೆಳೆಸುವ ಪದ್ಧತಿ ಇಲ್ಲ. ಅಲ್ಲಿ ಕಾಣುವ ಪ್ರತಿಯೊಂದು ಕುದುರೆಯೂ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್‌ನಂತಹ ದೇಶಗಳಿಂದ ಬಂದದ್ದು.

ಜೀನಿನ ಕೆಳಗಿನ ಬಟ್ಟೆಯ ಮೇಲಿರುವ ಸಂಖ್ಯೆಯನ್ನು ಓಟಕ್ಕೆ ಹೊರಡುವ ಗೇಟಿನ ಸಂಖ್ಯೆಯೆಂದು ಹೊಸಬರು ಭಾವಿಸುವುದುಂಟು. ಅದು ಹಾಗಲ್ಲ. ಕುದುರೆಗಳಿಗೆ ಬೇರೆ ಬೇರೆ ಭಾರ ಹೊರಿಸಿ ಓಡಿಸುವ ಹ್ಯಾಂಡಿಕ್ಯಾಪ್ ರೇಸಿನಲ್ಲಿ ಅತಿ ಹೆಚ್ಚು ಭಾರ ಹೊರುವ ಕುದುರೆಗೆ 1ನೇ ಸಂಖ್ಯೆ. ಸಂಖ್ಯೆ ಏರಿದಂತೆ ಭಾರ ಇಳಿಯುತ್ತದೆ. ಅಂದರೆ ಅಧಿಕಾರಿಗಳ ಲೆಕ್ಕದಲ್ಲಿ ಬಲಿಷ್ಠವಾದುದು 1, ಅದನ್ನು ಉಳಿದವುಗಳ ಸಮಕ್ಕೆ ತರಲೆಂದೇ ಹೆಚ್ಚಿನ ಭಾರ. ಹೊರಡುವ ಗೇಟು ಚೀಟಿ ಎತ್ತಿದಂತೆ ಬರುವ ಬೇರೆಯೇ ಸಂಖ್ಯೆ. ಹ್ಯಾಪಿ ವ್ಯಾಲಿಯ ತಿರುವುಗಳು ಇಕ್ಕಟ್ಟಾಗಿರುವುದರಿಂದ ಹೊರಗಿನ ಗೇಟು ಸಿಕ್ಕ ಕುದುರೆ ಹೆಚ್ಚು ದೂರ ಓಡಬೇಕಾಗುತ್ತದೆ. ಈ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಓಟದ ಒಳಗಿನ ಹೋರಾಟ ಕಾಣತೊಡಗುತ್ತದೆ.

ಇನ್ನು ಬಾಜಿ. ಅಲ್ಲಿ ಕಾನೂನುಬದ್ಧ ಬುಕ್ಕಿಗಳಿಲ್ಲ. 1884ರಲ್ಲಿ ಸ್ಥಾಪನೆಯಾದ ಜಾಕಿ ಕ್ಲಬ್ ನಡೆಸುವ ಟೋಟ್ ಒಂದೇ ದಾರಿ, ಕನಿಷ್ಠ ಬಾಜಿ 10 ಡಾಲರ್. ಎಲ್ಲರ ಹಣವೂ ಒಂದೇ ನಿಧಿಗೆ ಬೀಳುತ್ತದೆ, ಅದರಿಂದ, ಮೊದಲು ಬರುವ ಕುದುರೆಯ ಮೇಲೆ ಕಟ್ಟುವ ವಿನ್ ಬಾಜಿಗೆ ಶೇ. 17.5ರಷ್ಟು ಕಳೆದು ಉಳಿದದ್ದನ್ನು ಗೆದ್ದವರಿಗೆ ಹಂಚಲಾಗುತ್ತದೆ. ನಿಧಿಯಲ್ಲಿ 1000 ಡಾಲರ್ ಇದ್ದು, ಗೆದ್ದ ಕುದುರೆಯ ಮೇಲೆ 200 ಡಾಲರ್ ಬಿದ್ದಿತ್ತು ಎಂದುಕೊಳ್ಳೋಣ. ಹಂಚಲು ಉಳಿಯುವುದು 825. ಹತ್ತು ಡಾಲರ್ ಕಟ್ಟಿದವರಿಗೆ ಅಸಲೂ ಸೇರಿ ಸುಮಾರು 41 ಸಿಗುತ್ತದೆ. ಹೊಸದಾಗಿ ಹಣ ಬಿದ್ದಂತೆಲ್ಲ ಫಲಕದ ಆಡ್ಸ್, ಅಂದರೆ ಗೆದ್ದರೆ ಸಿಗುವ ಹಣದ ಪ್ರಮಾಣ, ಬದಲಾಗುತ್ತಲೇ ಇರುತ್ತದೆ, ಕೊನೆಯ ಕ್ಷಣದಲ್ಲಿ ಅತಿ ಹೆಚ್ಚು ಹಣ ಬಿದ್ದ ಕುದುರೆಯಾದ ಫೇವರಿಟ್ ಕೂಡ ಬದಲಾಗಬಹುದು. ಪ್ರತಿ ರೇಸಿನಲ್ಲೂ ಈ ಕಡಿತ ಮರುಕಳಿಸುವುದರಿಂದ ಗೆಲ್ಲುವ ನಿರೀಕ್ಷೆಯಿಂದ ಬಾಜಿ ಕಟ್ಟುವುದು ತಪ್ಪು ಲೆಕ್ಕ. ಕಟ್ಟಲೇಬೇಕೆನ್ನಿಸಿದರೆ ಒಟ್ಟು ಮೊತ್ತವನ್ನು ಹೋಟೆಲಿನಲ್ಲೇ ನಿರ್ಧರಿಸಿ, ಅಷ್ಟೇ ನೋಟುಗಳನ್ನು ಜೇಬಿಗಿಟ್ಟು, ಪ್ಲೇಸ್ ಬಾಜಿಯಿಂದ ಆರಂಭಿಸಿ. ಏಳೋ ಹೆಚ್ಚೋ ಕುದುರೆಗಳಿದ್ದರೆ ನಿಮ್ಮದು ಮೊದಲ ಮೂರರಲ್ಲಿ ಬಂದರೂ ಹಣ ಬರುತ್ತದೆ. ಕಳೆದದ್ದನ್ನು ಮರಳಿ ಪಡೆಯಲು ಮುಂದಿನ ರೇಸಿಗೆ ದುಪ್ಪಟ್ಟು ಕಟ್ಟುವ ಯೋಚನೆ ಸುಳಿದರೆ ಅಂದಿಗೆ ಬಾಜಿಯನ್ನು ಅಲ್ಲಿಗೇ ನಿಲ್ಲಿಸಿಬಿಡಿ.

ಓಟಕ್ಕೆ ಐದು ನಿಮಿಷ ಇರುವಾಗ ಕಂಬಿಯ ಬಳಿಗೆ ಬಂದರೆ ಸಾಕು. ಅಲ್ಲಿ ಕುದುರೆಗಳು ಬಲಕ್ಕೆ ತಿರುಗುತ್ತಾ ಓಡುವುದರಿಂದ ಕೊನೆಯ ನೇರ ದಾರಿಯಲ್ಲಿ ನಿಮ್ಮ ಬಲಗಡೆಯಿಂದ ಎಡಕ್ಕೆ ಬರುತ್ತವೆ. ಗೆಲುವಿನ ಕಂಬದ ಎದುರಿಗಿಂತ ತುಸು ಮೊದಲೇ ನಿಲ್ಲುವುದು ನನಗೆ ಇಷ್ಟ, ಏಕೆಂದರೆ ಜಾಕಿಗಳು ದಾರಿ ಹುಡುಕಿ ನುಗ್ಗುವುದು ಕಾಣುವುದು ಅಲ್ಲಿಂದಲೇ. ಓಟ ಮುಗಿದೊಡನೆ ಬಾಜಿಯ ಚೀಟಿಯನ್ನು ಎಸೆಯಬೇಡಿ. ದೂರು ದಾಖಲಾದರೆ ವಿಚಾರಣೆಯ ನಂತರ ಸ್ಥಾನಗಳು ಅದಲುಬದಲಾಗುವ ಸಂಭವವಿದೆ, ಆದ್ದರಿಂದ ಫಲಕದಲ್ಲಿ ಅಧಿಕೃತ ಫಲಿತಾಂಶ ಬರುವವರೆಗೆ ಕಾಯಬೇಕು. ಗೆದ್ದ ಹಣವೇನಾದರೂ ಇದ್ದರೆ ಕೊನೆಯ ರೇಸಿನ ಗದ್ದಲಕ್ಕೆ ಮೊದಲೇ ಕೌಂಟರಿನಲ್ಲಿ ಪಡೆದುಕೊಳ್ಳಿ. ಆ ಗದ್ದಲದಲ್ಲಿ ಟ್ರ್ಯಾಮ್‌ಗಳೂ ತುಂಬಿಹೋಗುತ್ತವೆ. ಕಾಸ್‌ವೇ ಬೇ ಮೆಟ್ರೊ ನಿಲ್ದಾಣದವರೆಗೆ ನಡೆದುಬಿಡುವುದೇ ಮೇಲು.