ಗಿನಿಪಿಗ್‌ಗೆ ಕ್ಯಾರೆಟ್ ಕೊಟ್ಟರೆ ಸಾಕಾ?

ಕಳೆದ ಮಳೆಗಾಲದಲ್ಲಿ ಒಬ್ಬರು ಶೂ ಡಬ್ಬಿಯಲ್ಲಿ ಗಿನಿಪಿಗ್ ಇಟ್ಟುಕೊಂಡು ಕ್ಲಿನಿಕ್ಕಿಗೆ ಬಂದರು. ಹೆಸರು ಗುಂಡ. ಹೆಸರಿಗೆ ತಕ್ಕ ಮೈ ಮಾತ್ರ ಉಳಿದಿರಲಿಲ್ಲ. ಹಿಂಗಾಲು ಎಳೆಯುತ್ತಿತ್ತು, ಮಂಡಿ ಮುಟ್ಟಿದರೆ ಕಿರುಚುತ್ತಿತ್ತು. "ಎಲ್ಲೋ ಬಿದ್ದಿರಬೇಕು ಡಾಕ್ಟ್ರೇ" ಅಂದರು. ಏನು ತಿನ್ನುತ್ತೆ ಅಂತ ಕೇಳಿದೆ. ಕ್ಯಾರೆಟ್, ಸೌತೆಕಾಯಿ, ಅಂಗಡಿಯವರು ಕೊಟ್ಟ ಮೊಲದ ಪೆಲೆಟ್ (ಗುಳಿಗೆಯಂಥ ಸಿದ್ಧ ಆಹಾರ), ಸಂಜೆ ಕಾಫಿ ಹೊತ್ತಿಗೆ ಒಂದು ತುಂಡು ಬ್ರೆಡ್. ಹುಲ್ಲು? "ಹಾಕ್ತೀವಲ್ಲ, ಮಲಗೋಕೆ."

ಗುಂಡ ಬಿದ್ದಿರಲಿಲ್ಲ. ಅವನಿಗೆ ಸ್ಕರ್ವಿ ಆಗಿತ್ತು, ಅಂದರೆ ವಿಟಮಿನ್ ಸಿ ಸಾಲದೆ ಬರುವ ರೋಗ. ಹಿಂದೆ ತಿಂಗಳುಗಟ್ಟಲೆ ಹಡಗಿನಲ್ಲಿರುತ್ತಿದ್ದ ನಾವಿಕರನ್ನು ಕಾಡುತ್ತಿದ್ದ ಅದೇ ರೋಗ. ನಾಯಿ, ಬೆಕ್ಕು, ಮೊಲ ತಮಗೆ ಬೇಕಾದ ವಿಟಮಿನ್ ಸಿಯನ್ನು ಮೈಯೊಳಗೇ ಮಾಡಿಕೊಳ್ಳುತ್ತವೆ. ನಮಗೂ ಗಿನಿಪಿಗ್‌ಗೂ ಅದು ಆಗುವುದಿಲ್ಲ, ತಿಂದೇ ಪಡೆಯಬೇಕು. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡೋರ್ ಫ್ರೋಲಿಕ್ ಎಂಬಿಬ್ಬರು ಬೇರೆ ಯಾವುದೋ ರೋಗದ ಹಿಂದೆ ಬಿದ್ದು ಗಿನಿಪಿಗ್‌ಗಳಿಗೆ ಬರೀ ಧಾನ್ಯ, ಬ್ರೆಡ್ ತಿನ್ನಿಸಿದರು. ಅವಕ್ಕೆ ಬಂದದ್ದು ಸ್ಕರ್ವಿ. ಗುಂಡನ ಮನೆಯಲ್ಲೂ ಯಾರಿಗೂ ಗೊತ್ತಿಲ್ಲದೆ ಹೆಚ್ಚುಕಡಿಮೆ ಅದೇ ಪ್ರಯೋಗ ನಡೆದಿತ್ತು.

ಮೊಲದ ಪೆಲೆಟ್‌ಗೆ ವಿಟಮಿನ್ ಸಿ ಸೇರಿಸಿರುವುದಿಲ್ಲ, ಮೊಲಕ್ಕೆ ಅದು ಬೇಡವಲ್ಲ! ಕ್ಯಾರೆಟ್, ಸೌತೆಕಾಯಿಯಲ್ಲಿ ಇರುವುದೂ ಅಷ್ಟಕ್ಕಷ್ಟೇ. ಒಂದು ಕಿಲೋ ತೂಗುವ ಗಿನಿಪಿಗ್‌ಗೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕು, ಬಸುರಿಗೆ ಇನ್ನೂ ಜಾಸ್ತಿ. ಇದಕ್ಕೆ ದುಬಾರಿ ಔಷಧಿ ಏನೂ ಬೇಡ. ದಿನಾ ಒಂದು ದಪ್ಪ ಹೋಳು ಕ್ಯಾಪ್ಸಿಕಂ, ಜೊತೆಗೆ ಒಂದಿಷ್ಟು ಕೊತ್ತಂಬರಿ ಸೊಪ್ಪು ಕೊಟ್ಟರೆ ಸಾಕು. ಸೀಬೆಹಣ್ಣಿನಲ್ಲಿ ವಿಟಮಿನ್ ತುಂಬಾ ಇದೆ, ಸಕ್ಕರೆಯೂ ಇದೆ. ಹಾಗಾಗಿ ವಾರಕ್ಕೆ ಒಂದೆರಡು ಸಲ, ಚಿಕ್ಕ ತುಂಡು. ಕುಡಿಯುವ ನೀರಿಗೆ ವಿಟಮಿನ್ ಹನಿ ಹಾಕಬೇಡಿ. ನೀರಿನಲ್ಲಿ ಅದು ಬೇಗ ಹಾಳಾಗುತ್ತದೆ. ರುಚಿ ಬದಲಾಯಿತು ಅಂತ ಪ್ರಾಣಿ ನೀರನ್ನೇ ಬಿಟ್ಟರೆ ಇನ್ನೊಂದು ತಾಪತ್ರಯ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಆ "ಮಲಗೋಕೆ" ಎಂಬ ಮಾತು. ಗಿನಿಪಿಗ್‌ನ ನಿಜವಾದ ಊಟ ಹುಲ್ಲು. ತಿನ್ನುವುದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಅದೇ ಇರಬೇಕು. ಸೊಪ್ಪು, ತರಕಾರಿ ಎಲ್ಲ ಪಲ್ಯ, ಕೋಸಂಬರಿ ಇದ್ದ ಹಾಗೆ. ಅದರ 20 ಹಲ್ಲುಗಳೂ ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ. ಒರಟು ಹುಲ್ಲನ್ನು ದವಡೆ ಅತ್ತಿತ್ತ ಆಡಿಸಿ ಅರೆದಾಗಲೇ ಅವು ಸವೆಯುವುದು. ಪೆಲೆಟ್ ಕುಟುಕಿದರೆ ಸವೆಯುವುದಿಲ್ಲ. ಕೆಳದವಡೆಯ ಹಲ್ಲುಗಳು ಒಳಗೆ ಬಾಗಿ ನಾಲಿಗೆಯ ಮೇಲೆ ಸೇತುವೆ ಕಟ್ಟಿದ್ದನ್ನು ನೋಡಿದ್ದೇನೆ. ತಟ್ಟೆ ಮುಂದೆ ಹಸಿದು ಕೂತಿರುತ್ತದೆ ಪಾಪ, ನುಂಗಲಾಗದು.

ಎಂಥ ಹುಲ್ಲು? ಪೇಟೆಯಲ್ಲಿ ಸಿಗುವ ಟಿಮೊತಿ ಹೇ ಎಂಬ ಒಣಹುಲ್ಲು ಒಳ್ಳೆಯದು, ಆದರೆ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ನಮ್ಮ ಗರಿಕೆಯೇ ಸಾಕು. ಗಣೇಶನಿಗೆ ಇಡುವ ಅದೇ ಗರಿಕೆ. ಗುಂಡನ ಯಜಮಾನರು ಈಗ ದಿನಾ ಕಟ್ಟುಗಟ್ಟಲೆ ಒಯ್ಯುತ್ತಾರೆ. ಹೂವಿನ ಅಂಗಡಿಯಾಕೆ ಇದು ಯಾವ ವ್ರತ ಅಂತ ಕೇಳಿದ್ದಳಂತೆ. ತೊಳೆದು, ನೀರು ಆರಿಸಿ ಕೊಡಿ. ನೆರಳಲ್ಲಿ ಪೂರ್ತಿ ಒಣಗಿಸಿಟ್ಟರೆ ಮಳೆಗಾಲಕ್ಕೂ ಆಗುತ್ತದೆ. ಮುಗ್ಗಲು ವಾಸನೆ ಬಂದರೆ ಮಾತ್ರ ಮುಲಾಜಿಲ್ಲದೆ ಎಸೆಯಿರಿ. ರಸ್ತೆ ಬದಿಯದ್ದು, ಔಷಧಿ ಹೊಡೆದದ್ದು ಬೇಡ. ಭತ್ತದ ಹುಲ್ಲಿನಲ್ಲಿ ಸತ್ವ ಕಡಿಮೆ, ಅದು ಹಾಸಿಗೆಗೇ ಸರಿ. ದನಗಳಿಗೆ ಬೆಳೆಯುವ ಲೂಸರ್ನ್‌ನಲ್ಲಿ ಕ್ಯಾಲ್ಸಿಯಂ ತುಂಬಾ ಜಾಸ್ತಿ. ಮರಿಗಳಿಗೆ, ಬಸುರಿಗೆ ಪರವಾಗಿಲ್ಲ. ದೊಡ್ಡವಕ್ಕೆ ದಿನಾ ಹಾಕಿದರೆ ಮೂತ್ರಕೋಶದಲ್ಲಿ ಕಲ್ಲು ಕಟ್ಟಬಹುದು. ಪಾಲಕ್ ಸೊಪ್ಪನ್ನೂ ಇದೇ ಕಾರಣಕ್ಕೆ ಅಪರೂಪಕ್ಕೆ ಕೊಡಿ.

ಗಿನಿಪಿಗ್‌ನದೇ ಪೆಲೆಟ್ ಸಿಕ್ಕರೆ ದಿನಕ್ಕೆ ಒಂದು ದೊಡ್ಡ ಚಮಚ ಸಾಕು. ತಯಾರಾದ ದಿನಾಂಕ ನೋಡಿ ತನ್ನಿ, ಮೂರು ತಿಂಗಳಾದ ಮೇಲೆ ಅದರಲ್ಲಿನ ವಿಟಮಿನ್ ಸಿ ನಂಬುವಂತಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಬೆಣ್ಣೆಹಣ್ಣು, ಅನ್ನ, ಬಿಸ್ಕತ್ತು, ಹಾಲು ಯಾವುದೂ ಬೇಡ. ಮಗು ಆಸೆಯಿಂದ ಕೊಡುತ್ತೆ ಅಂದರೂ ಬೇಡ.

ಗುಂಡ ಎರಡು ವಾರದಲ್ಲಿ ಓಡಾಡತೊಡಗಿದ. ಹುಲ್ಲಿಗೆ ಒಗ್ಗಲು ಅದಕ್ಕಿಂತ ಜಾಸ್ತಿ ದಿನ ಹಿಡಿಯಿತು. ಚಿಕ್ಕಂದಿನಲ್ಲಿ ತಿನ್ನದ್ದನ್ನು ದೊಡ್ಡದಾದ ಮೇಲೆ ಆಹಾರ ಅಂತಲೇ ಒಪ್ಪದ ಜಾತಿ ಇದು. ಅದಕ್ಕೇ ಬದಲಾವಣೆ ನಿಧಾನವಾಗಿರಲಿ. ಹಳೆಯದನ್ನು ಒಮ್ಮೆಲೇ ನಿಲ್ಲಿಸಿ "ಹಸಿದರೆ ತಿನ್ನುತ್ತೆ ಬಿಡಿ" ಅನ್ನುವ ಉಪಾಯ ಇಲ್ಲಿ ನಡೆಯುವುದಿಲ್ಲ. ಹೊಟ್ಟೆ ಖಾಲಿ ಬಿದ್ದರೆ ಕರುಳು ನಿಂತುಬಿಡುತ್ತದೆ. ವಾರಕ್ಕೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ಅರ್ಧ ದಿನ ಏನೂ ಮುಟ್ಟದಿದ್ದರೆ, ಹಿಕ್ಕೆ ಚಿಕ್ಕದಾದರೆ, ಬೆಳಗಾಗಲಿ ಅಂತ ಕಾಯದೆ ಫೋನ್ ಮಾಡಿ.